ಹಲ್ಲು ಕಟ್ಟಿಸಿದ ಮೇಲೂ ಆರೈಕೆ ಬೇಕು

ಮಾನ್ಯರೇ,

ಒಂದೆರಡು ಹಲ್ಲು ಕಳೆದುಕೊಂಡವರು, ಹೊರಗೆ ಕಾಣದ ದವಡೆ ಹಲ್ಲು ತಾನೇ ಎಂದು ಆ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡುವುದು ಸರಿಯಲ್ಲ. ಪಕ್ಕದ ಹಲ್ಲುಗಳು ಕ್ರಮೇಣ ಆ ಸಂದಿಯತ್ತ ವಾಲತೊಡಗುತ್ತವೆ, ಎದುರು ದವಡೆಯ ಹಲ್ಲು ತಡೆಯಿಲ್ಲದೆ ಹೊರಚಾಚುತ್ತದೆ. ಆಮೇಲೆ ಹಲ್ಲು ಕಟ್ಟಿಸಲು ಹೊರಟರೆ ಜಾಗವೇ ಸಾಲದು. ದವಡೆ ಮೂಳೆಯಲ್ಲಿ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್‌ನ ವೆಚ್ಚ ಭರಿಸಲಾಗದವರಿಗೆ, ತೆಗೆದು ಹಾಕಬಹುದಾದ ಭಾಗಶಃ ಹಲ್ಲುಸೆಟ್ ಒಳ್ಳೆಯ ಆಯ್ಕೆಯೇ. ಆದರೆ ಅದನ್ನು ಹಿಡಿದಿಡುವ ಕೊಕ್ಕೆಗಳ ಸುತ್ತ ಆಹಾರದ ಕಣಗಳು ನಿಂತರೆ, ಆಸರೆ ಕೊಟ್ಟ ಗಟ್ಟಿ ಹಲ್ಲೇ ಹುಳುಕಾಗಬಹುದು. ಈ ಮಾತನ್ನು ಸೆಟ್ ಕೊಡುವ ದಿನ ಅವಸರದಲ್ಲಿ ಹೇಳಿದರೆ ನೆನಪಿನಲ್ಲಿ ಉಳಿಯದು. ಆದ್ದರಿಂದ ರಾತ್ರಿ ಸೆಟ್ ತೆಗೆದು ನೀರಿನಲ್ಲಿಡುವುದು, ಮೃದುವಾದ ಬ್ರಷ್‌ನಿಂದ ತೊಳೆಯುವುದು, ಒಸಡು ನೋವಾದರೆ ಸೆಟ್ಟನ್ನು ಮನೆಯಲ್ಲೇ ಉಜ್ಜಿ ಸರಿಪಡಿಸಲು ಹೋಗದೆ ಕ್ಲಿನಿಕ್ಕಿಗೆ ಬರುವುದು, ಇಷ್ಟನ್ನು ದಂತವೈದ್ಯರು ಸರಳ ಭಾಷೆಯಲ್ಲಿ ಮುದ್ರಿಸಿ ಸೆಟ್ಟಿನ ಜೊತೆಗೇ ಕೊಡಲಿ.

– ಒಬ್ಬ ಓದುಗ