ಪೋಷಕರಿಗೆ ಪತ್ರ: ಅರಿಶಿನದ ಕಲೆ ಮತ್ತು ಶನಿವಾರದ ಕೈಕೆಲಸ

ಮಾನ್ಯ ಪೋಷಕರೇ,

ನಮಸ್ಕಾರ.

ಕಳೆದ ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಏಳನೆಯ ತರಗತಿಯ ಒಬ್ಬ ತಾಯಿ ಬಂದು, ಸಮವಸ್ತ್ರದ ಬಿಳಿ ಅಂಗಿಯೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, "ಟೀಚರೇ, ಇದೆಂತ ಅವಸ್ಥೆ?" ಎಂದರು. ಅಂಗಿಯ ಬೆನ್ನಲ್ಲಿ ಅಂಗೈ ಅಗಲದ ಕಲೆ, ಹಳದಿಯೂ ಅಲ್ಲ, ಕೆಂಪೂ ಅಲ್ಲ. ಶನಿವಾರ ಮಕ್ಕಳು ಅರಿಶಿನದಲ್ಲಿ ಬಣ್ಣ ಹಾಕಿದ ಕರವಸ್ತ್ರವೂ ಆ ಅಂಗಿಯೂ ಒಂದೇ ಬಕೆಟಿನಲ್ಲಿ ನೆನೆದಿದ್ದವಂತೆ. ಈ ಆಟಿ ತಿಂಗಳ ಮಳೆಯಲ್ಲಿ ಒಂದು ಜೊತೆ ಬಟ್ಟೆ ಒಣಗಬೇಕಾದರೆ ಎರಡು ದಿನ ಬೇಕು, ಅದರ ಮೇಲೆ ಇದು. ಅವರ ಸಿಟ್ಟು ನ್ಯಾಯವಾದದ್ದೇ. ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಇನ್ನೂ ಕೆಲವು ಅಂಗಿಗಳ ಫೋಟೊ ಬಂದವು. ಹಿಂದೆಯೇ "ಪಾಠ ಮಾಡುವುದು ಬಿಟ್ಟು ಇದೆಲ್ಲ ಯಾಕೆ" ಎಂಬ ಪ್ರಶ್ನೆಯೂ ಬಂತು.

ಮೊದಲು ನಮ್ಮ ತಪ್ಪು. ಕರವಸ್ತ್ರವನ್ನು ಬೇರೆಯಾಗಿ ಒಗೆಯಿರಿ ಎಂದು ಒಂದು ಚೀಟಿ ಕಳಿಸಬೇಕಿತ್ತು. ಕಳಿಸಲಿಲ್ಲ. ಅದಕ್ಕೆ ಕ್ಷಮೆ ಇರಲಿ.

ಕಲೆಗೆ ಉಪಾಯ ಇದೆ. ಅರಿಶಿನದ ಬಣ್ಣ ಸಾಬೂನು ತಾಗಿದರೆ ಕೆಂಪಾಗುತ್ತದೆ, ಲಿಂಬೆಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆರತಿಗೆ ಕುರುದಿ ನೀರು ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ, ಇಲ್ಲಿ ನಡೆದದ್ದೂ ಅದೇ. ಹಾಗಾಗಿ ಲಿಂಬೆರಸ ಹಚ್ಚಿ, ಚೆನ್ನಾಗಿ ಜಾಲಿಸಿ, ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬಿಸಿಲು ಎಲ್ಲಿದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ, ನಮ್ಮ ಮನೆಯ ಜಗಲಿಯಲ್ಲೂ ಹಗ್ಗ ಕಟ್ಟಿಯೇ ಇದೆ. ಗೇರುಹಣ್ಣಿನ ಕಲೆಯಾಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ.

ಇನ್ನು, ಇದು ಪಾಠವೇ ಎಂಬ ಪ್ರಶ್ನೆ. ಆಮ್ಲ, ಪ್ರತ್ಯಾಮ್ಲಗಳನ್ನು ಅರಿಶಿನದಿಂದ ಗುರುತಿಸುವುದು ಏಳನೆಯ ತರಗತಿಯ ವಿಜ್ಞಾನ ಪಾಠದಲ್ಲೇ ಇದೆ. ಬಟ್ಟೆಯನ್ನು ಪಟಿಕದ ನೀರಲ್ಲಿ ನೆನೆಸಿ, ಹೆಸರುಕಾಳು ಇಟ್ಟು ನೂಲಿನಿಂದ ಬಿಗಿದು ಬಣ್ಣಕ್ಕೆ ಹಾಕಿದರೆ ಕಟ್ಟಿದ ಕಡೆ ಬಿಳಿ ಉಂಗುರ ಉಳಿಯುತ್ತದೆ. ಗಂಟು ಸಡಿಲವಾದವರ ಕರವಸ್ತ್ರದಲ್ಲಿ ಉಂಗುರ ಬರಲಿಲ್ಲ, ಯಾಕೆ ಬರಲಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲೂ ಇಲ್ಲ. ಬಟ್ಟೆಯ ಬಣ್ಣ ನಮ್ಮ ಕಡೆಗೆ ಹೊಸದೂ ಅಲ್ಲ. 19ನೆಯ ಶತಮಾನದಲ್ಲಿ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ತಯಾರಾಗುತ್ತಿತ್ತು.

ಕಲೆಯ ಮಾತು ಅಲ್ಲಿಗೆ ಬಿಡೋಣ. ನಾನು ಬರೆಯಲು ಕೂತದ್ದು ಚೀಲದ ವಿಷಯಕ್ಕೆ.

ಐದರಿಂದ ಏಳನೆಯ ತರಗತಿಯವರಿಗೆ ಹಳೆಯ ಟೀ ಶರ್ಟಿನಿಂದ ಚೀಲ ಮಾಡಿಕೊಂಡು ಬರಲು ಹೇಳಿದ್ದೆವು. ಸೂಜಿ ಬೇಡ, ಮಿಷನ್ ಬೇಡ, ಖರ್ಚಿಲ್ಲ. ತೋಳು ಕತ್ತರಿಸಿ, ಕುತ್ತಿಗೆ ಅಗಲ ಮಾಡಿ, ಕೆಳಗಿನ ಅಂಚನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ, ಮುಂಭಾಗದ ಪಟ್ಟಿಗೆ ಹಿಂಭಾಗದ್ದನ್ನು ಗಂಟು ಹಾಕಬೇಕು. ಆಮೇಲೆ ಪ್ರತಿ ಗಂಟನ್ನು ಪಕ್ಕದ ಗಂಟಿನ ಜೊತೆ ಮತ್ತೊಮ್ಮೆ ಕಟ್ಟಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಸಣ್ಣ ನೀರುಳ್ಳಿಗಳು ಉದುರಿ ಹೋಗುತ್ತವೆ.

ಬಂದ ಚೀಲಗಳನ್ನು ನಾನೇ ನೋಡಿದೆ. ಕೆಲವಕ್ಕೆ ಜಿಪ್ ಇತ್ತು. ಕೆಲವಕ್ಕೆ ಒಳಗೆ ಅಸ್ತರು, ಹೊರಗೆ ಲೇಸು. ಒಂದರ ಒಳಗೆ ಅಂಗಡಿಯ ಬೆಲೆಚೀಟಿ ಕೀಳಲು ಮರೆತುಹೋಗಿತ್ತು. ಚೀಲದ ಬದಲು ಥರ್ಮಾಕೋಲಿನ ದೇವಸ್ಥಾನ ತಂದವರೂ ಇದ್ದರು. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದು 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ ಎಂಬುದನ್ನು ಈ ನೆಪದಲ್ಲಿ ನೆನಪಿಸುತ್ತೇನೆ. ಎಲ್ಲದರ ನಡುವೆ ಒಂದು ಚೀಲ, ಅದರ ಒಂದು ಹಿಡಿಕೆ ಉದ್ದ, ಇನ್ನೊಂದು ಗಿಡ್ಡ, ಗಂಟುಗಳು ಹೇಗೆ ಹೇಗೋ. ಅದನ್ನು ತಂದ ಹುಡುಗ ಉಳಿದವರ ಚೀಲ ನೋಡಿ ತನ್ನದನ್ನು ಪುಸ್ತಕದ ಬ್ಯಾಗಿನೊಳಗೆ ತುರುಕಿಬಿಟ್ಟಿದ್ದ. ಟೀಚರ್ ಎರಡು ಸಲ ಕೇಳಿದ ಮೇಲೆ ಹೊರಗೆ ತೆಗೆದ.

ನಿಮ್ಮ ಕಷ್ಟ ನನಗೆ ಗೊತ್ತಿದೆ. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿ, ಸಂಜೆ ಟ್ಯೂಷನ್, ರಾತ್ರಿ ಒಂಬತ್ತಕ್ಕೆ "ಅಮ್ಮಾ, ನಾಳೆ ಚೀಲ ಕೊಡಬೇಕು" ಎಂಬ ಮಾತು. ಆಗ ಮಗುವನ್ನು ಮಲಗಿಸಿ ನೀವೇ ಕೂತು ಮಾಡುವುದು ಪ್ರೀತಿಯಿಂದಲೇ. ಆದರೆ ನಾವು ಕೇಳಿದ್ದು ನಿಮ್ಮ ಕೈಯ ಚೀಲ ಅಲ್ಲ. ಚೆಂದಕ್ಕೆ ಇಲ್ಲಿ ಅಂಕ ಇಲ್ಲ. ಇದನ್ನು ಕಳೆದ ಪೋಷಕರ ಸಭೆಯಲ್ಲೂ ಹೇಳಿದ್ದೆ, ಬೇಸರಿಸದೆ ಇನ್ನೊಮ್ಮೆ ಕೇಳಿಸಿಕೊಳ್ಳಿ: ಚೆಂದಕ್ಕೆ ಅಂಕ ಇಲ್ಲ. ಓರೆಯಾದ ಚೀಲಕ್ಕೆ ಯಾರೂ ಬಯ್ಯುವುದಿಲ್ಲ. ಸಮಯ ಸಿಗದಿದ್ದರೆ ಅರ್ಧ ಮಾಡಿದ್ದನ್ನೇ ಕಳಿಸಿ, ಉಳಿದರ್ಧ ಇಲ್ಲೇ ಮಾಡಿಸುತ್ತೇವೆ. ಏನೂ ಮಾಡದೆ ಬಂದರೂ ನಡೆಯುತ್ತದೆ. ಬೇರೆಯವರು ಮಾಡಿದ್ದು ಮಾತ್ರ ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ, ವಾಪಸು ಬರುತ್ತದೆ. ಅವಮಾನ ಎಂದು ಭಾವಿಸಬೇಡಿ.

ಚೀಲಕ್ಕೆ ಸೂಜಿ ಬೇಡವಾದರೂ ಶನಿವಾರದ ಬೇರೆ ಕೈಕೆಲಸಕ್ಕೆ ಬೇಕು, ಗಂಡುಮಕ್ಕಳ ಕೈಗೆ ಅದು ಯಾಕೆ ಎಂದು ಇಬ್ಬರು ತಂದೆಯವರು ಕೇಳಿದ್ದರು. ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಒಮ್ಮೆ ಇಣುಕಿ ನೋಡಿ, ಮುಂಡಾಸು ಬಿಗಿಯುವ ಕೈ, ಬಣ್ಣ ಬರೆದುಕೊಳ್ಳುವ ಕೈ ಯಾರದೆಂದು. ಅಂಗಿಗೆ ಬಟನ್ ಹೊಲಿದುಕೊಳ್ಳಲು ಹುಡುಗರೂ ಕಲಿಯುತ್ತಾರೆ, ಅದರಲ್ಲಿ ಬದಲಾವಣೆ ಇಲ್ಲ. ಸೂಜಿಗಳನ್ನು ಸಾಬೂನಿನ ತುಂಡಿಗೆ ಚುಚ್ಚಿಟ್ಟು, ಎಣಿಸಿ ಕೊಟ್ಟು, ಎಣಿಸಿಯೇ ಹಿಂದೆ ಪಡೆಯುತ್ತೇವೆ. ಈವರೆಗೆ ಬೆರಳಿಗೆ ಚುಚ್ಚಿಕೊಂಡದ್ದು ಒಬ್ಬರೇ, ಅದು ತೋರಿಸಲು ಹೋದ ನಾನು.

ಒಂದು ದುಃಖದ ಸಂಗತಿಯನ್ನೂ ಹೇಳಬೇಕು. ಆರನೆಯ ತರಗತಿಯ ಹುಡುಗಿಯೊಬ್ಬಳು "ಹಳೆಯ ಬಟ್ಟೆ" ಎಂದು ಕಪಾಟಿನ ತಳದಿಂದ ಅಜ್ಜಿಯ ಉಡುಪಿ ಸೀರೆ ತೆಗೆದು ಸೆರಗು ಕತ್ತರಿಸಿದ್ದಾಳೆ. ಕೈಮಗ್ಗದ ಹತ್ತಿ ಸೀರೆ, ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಊರಿನದೇ ನೇಯ್ಗೆ. ಈಗ ಅದನ್ನು ನೇಯುವವರು ಕಿನ್ನಿಗೋಳಿಯ ತಾಳಿಪಾಡಿಯಂಥ ಕೆಲವೇ ಕಡೆ ಇದ್ದಾರೆ. ಅಜ್ಜಿ ಶಾಲೆಗೆ ಬಂದು ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಕತ್ತರಿಸಿದ ಸೆರಗಿಗೆ ಮಡಿಕೆ ಹೊಲಿದು ತಲೆದಿಂಬಿನ ಚೀಲ ಮಾಡುವುದನ್ನು ಅವರೇ ಮೊಮ್ಮಗಳಿಗೆ ಹೇಳಿಕೊಡುತ್ತಿದ್ದಾರಂತೆ. ಹಳೆಯದು ಯಾವುದು ಎಂದು ತೀರ್ಮಾನಿಸುವುದನ್ನು ಮಕ್ಕಳಿಗೆ ಬಿಡಬೇಡಿ, ಬಟ್ಟೆಯನ್ನು ನೀವೇ ತೆಗೆದುಕೊಡಿ.

ಮುಂದೆ ಅಷ್ಟಮಿ. ಮುದ್ದುಕೃಷ್ಣನ ವೇಷಕ್ಕೆ ಕಿರೀಟ ಬಾಡಿಗೆಗೆ ತರುವವರು ತರಲಿ, ಅಡ್ಡಿಯಿಲ್ಲ. ಶಾಲೆಯಲ್ಲಿ ಮಾತ್ರ ಹಳೆಯ ಮದುವೆ ಕಾಗದಗಳ ದಪ್ಪ ರಟ್ಟಿನಿಂದ, ಅದರ ಮೇಲಿನ ಚಿನ್ನದ ಬಣ್ಣದ ಹೂವು ಬಳ್ಳಿಗಳನ್ನೇ ಕತ್ತರಿಸಿ ಅಂಟಿಸಿ ಕಿರೀಟ ಮಾಡಿಸಲಿದ್ದೇವೆ. ಕಿವಿಯ ಓಲೆಗೆ ಬಾಳೆನಾರು. ಶಂಕರಪುರದ ಕಡೆಯ ಮಕ್ಕಳಿಗೆ ನಾರಿನಲ್ಲಿ ಮಲ್ಲಿಗೆ ಕಟ್ಟಿ ಅಭ್ಯಾಸವಿದೆ, ಅವರೇ ಉಳಿದವರಿಗೆ ಗುರುಗಳು.

ಶನಿವಾರ ಪ್ರತಿ ಮಗುವಿನ ಕೈಯಲ್ಲಿ ಎರಡು ಹಳೆಯ ಮದುವೆ ಕಾಗದ ಕಳಿಸಿ, ಕಿರೀಟ ಮಾಡಿ ಕಳಿಸಬೇಡಿ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಅರಿಶಿನದ ಕರವಸ್ತ್ರ ಇನ್ನೂ ಒಗೆಯದವರು ಬೇರೆ ಬಕೆಟಿನಲ್ಲೇ ಒಗೆಯಿರಿ.