6 ಕೋಟಿಯ ಟಿಕೆಟ್ ಮಂಡ್ಯಕ್ಕೋ, ಹುಬ್ಬಳ್ಳಿಗೋ?

ಕೇಂದ್ರ ಬಾಹ್ಯಾಕಾಶ ಇಲಾಖೆಯ ರಾಜ್ಯ ಸಚಿವರಾದ ಡಾ. ಜಿತೇಂದ್ರ ಸಿಂಗ್ ಅವರಿಗೆ,

ನಮಸ್ಕಾರ.

ಮೈಸೂರು, ಹುಬ್ಬಳ್ಳಿ ರೂಟುಗಳಲ್ಲಿ ಟಿಕೆಟ್ ಹರಿದು ನಿವೃತ್ತನಾದ ಕಂಡಕ್ಟರ್ ನಾನು. ನಮ್ಮ ಕೆಲಸದಲ್ಲಿ ಮೊದಲು ಕೇಳೋದು ‘ಎಲ್ಲಿಗೆ?’ ಅಂತ. ದುಡ್ಡಿನ ಮಾತು ಆಮೇಲೆ. ಬಾಹ್ಯಾಕಾಶ ಪ್ರವಾಸದಲ್ಲಿ ಮಾತ್ರ ಇದು ಉಲ್ಟಾ ಆಗಿದೆ. 2023ರಲ್ಲಿ ಇಸ್ರೊದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅವರು 2030ರ ಹೊತ್ತಿಗೆ ಪ್ರವಾಸಿಗರನ್ನು ಕಳಿಸಬಹುದು, ತಲೆಗೆ ಸುಮಾರು 6 ಕೋಟಿ ರೂಪಾಯಿ ಆಗಬಹುದು ಎಂದರು. ದರ ಎಲ್ಲರ ಬಾಯಲ್ಲೂ ಉಳಿಯಿತು. ಊರು ಯಾವುದು ಅಂತ ಕೇಳಿದವರು ಕಡಿಮೆ.

ನಮ್ಮ ಮನೆಯಲ್ಲೇ ನೋಡಿ. 2025ರ ಜೂನ್‌ನಲ್ಲಿ ನಮ್ಮ ಗಗನಯಾನಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ದಿನ ಮೊಮ್ಮಗಳು ಟಿವಿ ಮುಂದೆ ಕೂತು, ‘ತಾತ, 6 ಕೋಟಿ ಕೊಟ್ಟರೆ ನಾವೂ ಅಲ್ಲಿಗೇ ಹೋಗಬಹುದು, ಅಲ್ವಾ?’ ಅಂದಳು. ಕ್ಯಾಲೆಂಡರ್ ಹಾಳೆಯ ಹಿಂದೆ ಸ್ಟೇಜ್ ಬರೆದು ತೋರಿಸಿದೆ.

ಪ್ರವಾಸಿಗರನ್ನು ಕರೆದೊಯ್ದ ಅಮೆರಿಕದ ಎರಡು ಕಂಪನಿಗಳಿವೆ. ವರ್ಜಿನ್ ಗ್ಯಾಲಕ್ಟಿಕ್ ನೌಕೆ ಏರಿದ್ದು 85 ಕಿ.ಮೀ. ಆಸುಪಾಸು. ಬೆಂಗಳೂರಿಂದ ಮದ್ದೂರು ದಾಟಿದ ಹಾಗೆ. ಬ್ಲೂ ಒರಿಜಿನ್ ರಾಕೆಟ್ 100 ಕಿ.ಮೀ. ದಾಟಿದೆ, ಅಂದರೆ ಮಂಡ್ಯ. ಅಲ್ಲಿ ಮೂರ್ನಾಲ್ಕು ನಿಮಿಷ ತೇಲಿದರೆ ಮುಗೀತು, ವಾಪಸ್. ನಮ್ಮ ಬಸ್ಸು ಮದ್ದೂರು ವಡೆಗೆ ನಿಲ್ಲುವಷ್ಟು ಹೊತ್ತೂ ಇಲ್ಲ! ವರ್ಜಿನ್ ಟಿಕೆಟ್ 2021ರಲ್ಲಿ 4.5 ಲಕ್ಷ ಡಾಲರ್ ಇತ್ತು, ಆಮೇಲೆ 6 ಲಕ್ಷಕ್ಕೆ ಏರಿತು. ಸುಮಾರು 5 ಕೋಟಿ ರೂಪಾಯಿ.

ಶುಕ್ಲಾ ಹೋದ ನಿಲ್ದಾಣ ಇರೋದು 400 ಕಿ.ಮೀ. ಎತ್ತರದಲ್ಲಿ. ಅದು ಹುಬ್ಬಳ್ಳಿ. ಬರೀ ಎತ್ತರದ ಮಾತಾಗಿದ್ದರೆ ನಾಲ್ಕು ಪಟ್ಟು ದರ ಸಾಕಿತ್ತು. ಆದರೆ ಅಲ್ಲಿ ನಿಲ್ಲಬೇಕಾದರೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರಬೇಕು, ಇಲ್ಲಾಂದ್ರೆ ಕೆಳಗೆ ಬೀಳುತ್ತೀರಿ. ದುಡ್ಡೆಲ್ಲ ಹೋಗೋದು ಆ ವೇಗಕ್ಕೆ. 2001ರಲ್ಲೇ ಅಮೆರಿಕದ ಉದ್ಯಮಿ ಡೆನಿಸ್ ಟಿಟೊ ಈ ನಿಲ್ದಾಣಕ್ಕೆ ಹೋಗಿ ಬರಲು ಸುಮಾರು 2 ಕೋಟಿ ಡಾಲರ್ ಕೊಟ್ಟಿದ್ದರು. 2022ರಲ್ಲಿ ಅಮೆರಿಕದ ಆಕ್ಸಿಯಮ್ ಕಂಪನಿ ಅಲ್ಲಿಗೇ ಕರೆದೊಯ್ದ ಮೂವರು ತಲಾ 5.5 ಕೋಟಿ ಡಾಲರ್ ಕೊಟ್ಟರು. ನಮ್ಮ ಲೆಕ್ಕದಲ್ಲಿ 400 ಕೋಟಿ ರೂಪಾಯಿಗೂ ಜಾಸ್ತಿ. ಶುಕ್ಲಾ ಅವರಿಗೆ ಸುಮಾರು 550 ಕೋಟಿ ಖರ್ಚಾಯಿತು ಎಂದು ವರದಿಯಾಗಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಅವರು ಟೂರಿಗೆ ಹೋದವರಲ್ಲ, ನಮ್ಮದೇ ನೌಕೆಯಲ್ಲಿ ಮನುಷ್ಯರನ್ನು ಕಳಿಸುವ ಗಗನಯಾನಕ್ಕೆ ಕೆಲಸ ಕಲಿತು ಬಂದವರು.

ಅಂದಮೇಲೆ 6 ಕೋಟಿ ಮಂಡ್ಯದ ಟಿಕೆಟ್ಟೇ. ಕಕ್ಷೆಗೆ ಹೋಗದೆ ಮೇಲೇರಿ ಇಳಿಯುವ ಇಂಥ ಪ್ರವಾಸದ ಬಗ್ಗೆಯೇ ಇಸ್ರೊ ಕೆಲವು ಅಧ್ಯಯನ ನಡೆಸಿದೆ ಎಂದು 2023ರಲ್ಲಿ ಸಂಸತ್ತಿಗೆ ತಿಳಿಸಿದವರು ನೀವೇ. ಆ ಮಾತು ನಮ್ಮ ಬೀದಿವರೆಗೂ ಬರಲಿಲ್ಲ. ಇಲ್ಲಿ ಜನ ಹುಬ್ಬಳ್ಳಿ ಬೋರ್ಡ್ ನೋಡಿಕೊಂಡು ಕೂತಿದ್ದಾರೆ. ದಯವಿಟ್ಟು ಬೋರ್ಡ್ ಬದಲಾಯಿಸಿ.

ಇನ್ನೊಂದು ಮಾತು, ನನಗೆ ಇದೇ ದೊಡ್ಡದು. ಒಂದು ಸೀಟಿಗೆ ಇಸ್ರೊಗೆ ಬೀಳುವ ಅಸಲು ಖರ್ಚೆಷ್ಟು? ಬಸ್ಸಿನಲ್ಲಿ ಸ್ಕೂಲ್ ಮಕ್ಕಳಿಗೆ ಪಾಸ್ ಇದೆ. ಆ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ, ತುಂಬಿಕೊಡಲೇಬೇಕು. 6 ಕೋಟಿ ಎಣಿಸಿ ಕೊಡಬಲ್ಲವರಿಗೂ ನಾವು ಪಾಸ್ ಕೊಡಬೇಕಾ? ಗಗನಯಾನಕ್ಕೆ ಮಂಜೂರಾಗಿರುವ 20,193 ಕೋಟಿಯಲ್ಲಿ ಒಂದು ರೂಪಾಯಿಯೂ ಈ ಸೀಟುಗಳ ಕಡೆ ಜಾರಬಾರದು.

2019ರಲ್ಲಿ ನಾಸಾ ಆ ನಿಲ್ದಾಣದಲ್ಲಿ ಉಳಿಯುವುದರ ದರಪಟ್ಟಿಯನ್ನೇ ಹೊರಗಿಟ್ಟಿತು. ಉಸಿರಾಟದ ವ್ಯವಸ್ಥೆ, ಟಾಯ್ಲೆಟ್ಟಿಗೆ ದಿನಕ್ಕೆ 11,250 ಡಾಲರ್. ಇಂಟರ್ನೆಟ್ಟಿಗೆ ಜಿಬಿಗೆ 50 ಡಾಲರ್. ಓದಿ ನಕ್ಕೆ. ಆದರೂ ಹೋಟೆಲ್ ಗೋಡೆ ಮೇಲೆ ಬರೆದ ಹಾಗೆ ಬರೆದರಲ್ಲ, ಅದನ್ನು ಮೆಚ್ಚಬೇಕು. ಬುಕಿಂಗ್ ಶುರುವಾಗುವ ಮೊದಲೇ ನೀವೂ ಅಂಥದೊಂದು ಪಟ್ಟಿ ಹಾಕಿ: ಎಷ್ಟು ಎತ್ತರ, ಎಷ್ಟು ನಿಮಿಷ, ಅಸಲೆಷ್ಟು, ಬಾಕಿ ಯಾರ ಜೇಬಿಂದ. ಕನ್ನಡದಲ್ಲೂ ಹಾಕಿ. ಕ್ಯಾಲೆಂಡರ್ ಹಾಳೆ ಇನ್ನೂ ಫ್ರಿಜ್ ಮೇಲೆ ಅಂಟಿದೆ, ಅದರ ಪಕ್ಕದಲ್ಲಿ ಜಾಗ ಇದೆ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್, ಬೆಂಗಳೂರು