ಮನೆ ವೈಫೈ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಬ್ಲಾಕಿನ ಲಿಫ್ಟ್ ಹತ್ತಿರ ನಿಂತರೆ ಪಾಸ್‌ವರ್ಡೇ ಇಲ್ಲದ ಎರಡು ವೈಫೈ ಕಾಣಿಸುತ್ತಿವೆ. ಯಾರದ್ದು ಅಂತ ಕೇಳುವುದಿಲ್ಲ, ಇವತ್ತೇ ಸರಿ ಮಾಡಿಕೊಳ್ಳಿ.

ಮನೆ ವೈಫೈಗೆ ಸೇರಿಕೊಂಡು ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆಯಿರಿ. ತೆರೆಯದಿದ್ದರೆ ಸರಿಯಾದ ವಿಳಾಸ ರೌಟರ್ ತಳದ ಚೀಟಿಯಲ್ಲಿ ಇರುತ್ತದೆ. ವೈರ್‌ಲೆಸ್ ಸೆಕ್ಯುರಿಟಿಯಲ್ಲಿ ಡಬ್ಲ್ಯೂಪಿಎ3 (WPA3, ವೈಫೈಗೆ ಹಾಕುವ ಹೊಸ ಬೀಗ ಇದ್ದ ಹಾಗೆ; ಡಬ್ಲ್ಯೂಪಿಎ2 ಅದರ ಹಿಂದಿನದು) ಇದ್ದರೆ ಅದನ್ನೇ ಆರಿಸಿ. ಹಳೇ ಪ್ರಿಂಟರ್, ಟಿವಿ ಸೇರಿಕೊಳ್ಳದೆ ಹಠ ಮಾಡಿದರೆ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಕೂಡಿರುವ ಆಯ್ಕೆ ಸಾಕು. ಅದೂ ಇಲ್ಲವೇ? ಡಬ್ಲ್ಯೂಪಿಎ2 ಜೊತೆ ಎಇಎಸ್ (AES) ಅನ್ನುವ ಗೂಢಲಿಪಿ ವಿಧಾನ ಇಡಿ, ಹಳೇ ವಿಧಾನವಾದ ಟಿಕೆಐಪಿ (TKIP) ಬೇಡ. ತೀರಾ ಹಳೇ ಬೀಗವಾದ ಡಬ್ಲ್ಯೂಇಪಿ (WEP) ಅಂತೂ ಮುಟ್ಟಲೇಬೇಡಿ, ಅದನ್ನು ಒಡೆಯುವ ದಾರಿ 2001ರಲ್ಲೇ ಸಿಕ್ಕಿದೆ.

ಡಬ್ಲ್ಯೂಪಿಎಸ್ (WPS, ಉದ್ದದ ಪಾಸ್‌ವರ್ಡ್ ಬದಲು ಬಟನ್ ಒತ್ತಿ ಅಥವಾ ಪಿನ್ ಹೊಡೆದು ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಇದನ್ನು ಯಾರೂ ಗಮನಿಸುವುದಿಲ್ಲ. ಅದರ ಪಿನ್ 8 ಅಂಕಿಯದು, ಆದರೆ ರೌಟರ್ ಅದನ್ನು ಎರಡು ತುಂಡು ಮಾಡಿ ನೋಡುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡುತ್ತದೆ. ಕಂಪ್ಯೂಟರಿಗೆ ಅದೇನು ಜಾಸ್ತಿ ಅಲ್ಲ, ಅಲ್ವಾ?

ಪಾಸ್‌ವರ್ಡ್ ಉದ್ದ ಇರಲಿ. 63 ಅಕ್ಷರದವರೆಗೂ ಇಡಬಹುದು. ಫ್ಲ್ಯಾಟ್ ನಂಬರ್, ಮೊಬೈಲ್ ನಂಬರ್ ಬೇಡ. ವೈಫೈ ಹೆಸರು ಮುಚ್ಚಿಡುವುದು ಸುಮ್ನೆ ತಲೆನೋವು, ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ. ರೌಟರ್ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಗೊತ್ತಾಗದಿದ್ದರೆ ಸ್ಕ್ರೀನ್ ಫೋಟೋ ನನಗೊಬ್ಬನಿಗೇ ಕಳಿಸಿ, ಗುಂಪಿನಲ್ಲಿ ಹಾಕಬೇಡಿ.